ಗುಡಾರದ ಮೇಲೊಂದು ಅಡ್ಡಗೀಟು

ಕೋಲ್ಡ್ ಫೋರ್ಕ್ ಊರಿನಲ್ಲಿ ಓರಿನ್ ಆಸೆನ್ ತಾನಾಗಿ ಜೇಬಿಗೆ ಕೈ ಹಾಕಿದ್ದನ್ನು ಕಂಡವರಿಲ್ಲ. ಕಾಫಿ ಅಂಗಡಿಯಲ್ಲಿ ಬಿಲ್ಲು ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಮನೆಯಲ್ಲಿ ಬಿಟ್ಟು ಬಂದ ದನಗಳ ನೆನಪಾಗಿ ಕಣ್ಣು ತೇವವಾಗುತ್ತಿತ್ತು. ಅಂಥವನು ಒಂದು ಬೆಳಗ್ಗೆ ಅಕ್ಕ ಲಿಯೋಟಾಳ ಅಡುಗೆಮನೆಗೆ ಬಂದು, ಬಾಗಿಲ ಮೇಲೆ ಎರಡು ಮೊಳೆಗಳಿಗೆ ತೂಗುಬಿದ್ದಿದ್ದ ಅಜ್ಜನ ಕೋವಿಯ ಕಡೆ ಗಲ್ಲ ಎತ್ತಿ, "ಇದನ್ನ ಹೊಸದು ಮಾಡಿಸ್ತೀನಿ. ಖರ್ಚು ನಂದೇ," ಅಂದಾಗ, ಲಿಯೋಟಾಳ ಕೈಯಲ್ಲಿದ್ದ ಸಟ್ಟುಗ ಪ್ಯಾನ್‌ಕೇಕ್ ಸಮೇತ ಗಾಳಿಯಲ್ಲೇ ನಿಂತಿತು.

"ಏನಾಯ್ತೋ ನಿಂಗೆ? ಡಾಕ್ಟ್ರ ಹತ್ರ ಹೋಗಿದ್ಯಾ? ಏನಂದ್ರು?"

"ಒಳ್ಳೇ ಮಾತಾಡಿದ್ರೂ ತಪ್ಪಾ, ಅಕ್ಕಾ? ರಾಜ್ಯಕ್ಕೆ ನೂರು ವರ್ಷ ತುಂಬ್ತಾ ಇದೆ. ಹಳೇ ಮನೆತನದೋರೆಲ್ಲ ಊರ ಹಾಲ್‌ನಲ್ಲಿ ಒಂದೊಂದು ಸಾಮಾನು ಇಡ್ತಾ ಇದ್ದಾರೆ. ಸೋರೆನ್ಸನ್ನರು ನೇಗಿಲು ಇಡ್ತಾರಂತೆ. ನಾವು ಇದನ್ನ ಹೀಗೇ ಇಟ್ರೆ ಮರ್ಯಾದೆ ಇರುತ್ತಾ? ಡ್ಯೂಯಿ ಹತ್ರ ಕೊಟ್ರೆ ನಳಿಗೆ ಫಳಫಳ ಅನ್ನೋ ಹಾಗೆ ಮಾಡ್ತಾನೆ. ಹಿಡೀನೂ ಉಜ್ಜಿ ಪಾಲಿಶ್ ಹಾಕಿ…"

"ಹಿಡಿ ಉಜ್ಜಿ ಪಾಲಿಶ್ ಹಾಕೀ…" ಲಿಯೋಟಾ ಅವನದೇ ಮೂಗಿನಲ್ಲಿ, ಅವನದೇ ರಾಗದಲ್ಲಿ ಎಳೆದಳು. ಯಾರ ದನಿಯನ್ನಾದರೂ ಕದ್ದು ಅವರ ಎದುರಿಗೇ ಹರಾಜು ಹಾಕುವುದು ಅವಳಿಗೆ ಹುಟ್ಟಿನಿಂದ ಬಂದ ಚಾಳಿ. ಓರಿನ್ ನಗಲಿಲ್ಲ. ಪ್ಯಾನ್‌ಕೇಕ್ ಕೂಡ ತಿನ್ನಲಿಲ್ಲ. ಪುಕ್ಕಟೆ ತಿಂಡಿ ಬಿಟ್ಟು ಎದ್ದ ತಮ್ಮನನ್ನು ಕಂಡು ಅವಳ ಅನುಮಾನಕ್ಕೆ ಮೈಯೆಲ್ಲ ಕಿವಿಯಾಯಿತು.

ಕೋವಿಗೆ ವಯಸ್ಸಾಗಿತ್ತು, ನಿಜ. ಟ್ರಿಗರಿನ ಕೆಳಗಿನ ಉಂಗುರದಂಥ ಲಿವರನ್ನು ಒಮ್ಮೆ ಕೆಳಕ್ಕೆಳೆದು ಮೇಲೆ ತಂದರೆ ತೋಟಾ ತುಂಬಿಕೊಳ್ಳುವ ಜಾತಿಯದು. ಈಗ ಆ ಲಿವರು ಅಲ್ಲಾಡುವ ಹಲ್ಲಿನಂತಾಗಿತ್ತು. ಒಳಗೆ ತೋಟಾಕ್ಕೆ ಬಡಿಯುವ ಸೂಜಿ ಮುರಿದು ಯಾವುದೋ ಕಾಲವಾಗಿತ್ತು. ಸವಾರಿಯಲ್ಲಿ ಜೀನಿನ ಮೇಲೆ ಅಡ್ಡ ಇಟ್ಟುಕೊಂಡು ತಿರುಗಿದ ಜಾಗ ಬಳಸಿದ ಸೋಪಿನ ಹಾಗೆ ಸವೆದಿತ್ತು. ಮರದ ಹಿಡಿಯ ಎಡಮಗ್ಗುಲಿಗೆ ಸುಟ್ಟ ಗುರುತು: ಇಂಗ್ಲಿಷಿನ ಎ ಅಕ್ಷರ, ಆಸೆನ್ ಮನೆತನದ ಬರೆ. ಓದು ಬಾರದ ಗುನ್ವಾಲ್ಡ್ ಅಜ್ಜನಿಗೆ ಬರೆಯಲು ಬರುತ್ತಿದ್ದದ್ದು ಆ ಬರೆಯೊಂದೇ. ದನಕ್ಕೆ, ಜೀನಿಗೆ, ಕುರ್ಚಿಗೆ, ಕಕ್ಕಸಿನ ಬಾಗಿಲಿಗೆ, ಎಲ್ಲಕ್ಕೂ ಹಾಕಿದ್ದ.

ಈ ಕೋವಿಯ ಕಥೆ ಕೇಳದೆ ಯಾವ ಆಸೆನ್ ಮಗುವೂ ಹಾಲು ಬಿಟ್ಟಿಲ್ಲ. ಒಂದು ವಸಂತದಲ್ಲಿ ಪಕ್ಕದ ಹೊಲದ ಯೋಸೆಫ್ ವಾನೆಕ್ ಆಸೆನ್‌ರ ಕರುಗಳನ್ನು ಅಟ್ಟಿಕೊಂಡು ಹೋಗಲು ಹೊಳೆ ದಾಟಿ ಬಂದ. ಅಜ್ಜ ದಡದಲ್ಲಿ ನಿಂತು ಲಿವರು ಎಳೆದ. ಗುಂಡು ಹಾರಿಸಲೇ ಇಲ್ಲ. ಆ ಸದ್ದಿಗೇ ವಾನೆಕ್ ಟೋಪಿ ನೀರಿಗೆ ಬಿಟ್ಟು ಓಡಿದ. ಲಿಯೋಟಾ ಈ ಕಥೆಯನ್ನು ಅಜ್ಜನ ನಾರ್ವೆ ರಾಗದಲ್ಲಿ, ವಾನೆಕ್‌ನ ತೊದಲಿನಲ್ಲಿ, ಕಡೆಗೆ ಕೋವಿಯ 'ಕ್ರಿಕ್-ಕ್ರಾಕ್' ಸದ್ದನ್ನೂ ನಾಲಗೆಯಲ್ಲೇ ಹೊರಡಿಸಿ ಹೇಳುತ್ತಿದ್ದಳು. ಮದುವೆಮನೆಗಳಲ್ಲಿ ಜನ ಅದನ್ನೇ ಕೇಳಿ ಹೇಳಿಸುತ್ತಿದ್ದರು. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ. ಮೊಂಟಾನಾದ ಆ ಕಡೆ ರಸ್ತೆಯಲ್ಲಿ ಎದುರಾದ ಯಾವ ಗಾಡಿಗಾದರೂ ನಮಸ್ಕಾರ ಅಂತ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ರೂಢಿ. ವಾನೆಕ್‌ರ ಗಾಡಿಗೆ ಆಸೆನ್‌ರ ಬೆರಳು ಏಳುತ್ತಿರಲಿಲ್ಲ.

ಓರಿನ್ ಕೋವಿ ಒಯ್ಯುವ ಮೊದಲೇ ಲಿಯೋಟಾ ಅದನ್ನು ಕಂಬಳಿಯಲ್ಲಿ ಸುತ್ತಿ ಪಿಕಪ್ಪಿಗೆ ಹಾಕಿಕೊಂಡು ತಾನೇ ಡ್ಯೂಯಿ ಪ್ರುಯಿಟ್‌ನ ಕೋವಿ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯ ಗೋಡೆಯಲ್ಲಿದ್ದ ಕಡವೆ ತಲೆಗೆ ಡ್ಯೂಯಿಯ ಟೋಪಿ ಇತ್ತು. ಡ್ಯೂಯಿಯ ತಲೆಗೆ ಕೂದಲೂ ಇರಲಿಲ್ಲ.

"ಓರಿನ್ ಆಗ್ಲೇ ಫೋನ್ ಮಾಡಿದ್ದ," ಅಂದ ಡ್ಯೂಯಿ, ಹೊಗೆಸೊಪ್ಪನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ. "ಉಪ್ಪುಕಾಗದ ಹಾಕಿ ಹಿಡಿ ಚೆನ್ನಾಗಿ ಉಜ್ಜು ಅಂದ. ಎಡಗಡೆ ಇನ್ನೂ ಚೆನ್ನಾಗಿ ಉಜ್ಜು ಅಂದ."

"ಎಡಗಡೆ ಯಾಕಂತೆ?"

"ಕೇಳ್ಲಿಲ್ಲ. ಕೋವಿ ತರೋರನ್ನ ಜಾಸ್ತಿ ಪ್ರಶ್ನೆ ಕೇಳಬಾರ್ದು ಅಂತ ನಮ್ಮಪ್ಪ ಹೇಳಿದ್ದ. ಅವನಿಗೆ ಒಂದು ಕಿವಿ ಇರ್ಲಿಲ್ಲ."

"ನೀನೇನು ಹೇಳ್ತಿ? ಉಜ್ಜಿಸ್ಲಾ?"

"ನನ್ನ ಕೇಳಿದ್ರೆ ಮರ ಮುಟ್ಲೇಬೇಡಿ. ಉಜ್ಜಿದ್ರೆ ಹೊಸದಾಗುತ್ತೆ. ಹೊಸದಾದ್ಮೇಲೆ ನಿಮ್ಮಜ್ಜಂದು ಅಂತ ಯಾರು ನಂಬ್ತಾರೆ?"

ಲಿಯೋಟಾ ಕಣ್ಣು ಕಿರಿದು ಮಾಡಿದಳು. ಜೇಬು ಬಿಚ್ಚದವನು ಬಿಚ್ಚುತ್ತೇನೆ ಅನ್ನುತ್ತಾನೆ; ಉಜ್ಜಿ ಹೊಟ್ಟೆ ಹೊರೆಯುವವನು ಉಜ್ಜಬೇಡಿ ಅನ್ನುತ್ತಾನೆ. ಇಬ್ಬರಲ್ಲಿ ಒಬ್ಬನಿಗಾದರೂ ಈ ಕೋವಿಯ ಮೇಲೆ ಕಣ್ಣಿದೆ. ಬಹುಶಃ ಇಬ್ಬರಿಗೂ.

"ಎಡಗಡೆ ಏನಿದೆ ನೋಡೇಬಿಡೋಣ," ಅಂದು ಡ್ಯೂಯಿ ಬಟ್ಟೆ ಚೂರನ್ನು ಯಾವುದೋ ಎಣ್ಣೆಯಲ್ಲಿ ಅದ್ದಿ ಗುರುತಿನ ಮೇಲೆ ಒರೆಸಿದ. ತಲೆಮಾರುಗಳ ಬೆವರು, ಜಿಡ್ಡು, ಅಡುಗೆಮನೆಯ ಹೊಗೆ ಕರಗಿ ಬಟ್ಟೆಗೆ ಬಂದವು. ದೀಪದ ಕೆಳಗೆ ಮರ ಕಣ್ಣು ಬಿಟ್ಟಿತು.

ಲಿಯೋಟಾ ಬುದ್ಧಿ ಬಂದಾಗಿನಿಂದ ಕರುಗಳಿಗೆ ಬರೆ ಹಾಕಿದವಳು. ಎ ಅಕ್ಷರದ ಅಡ್ಡಗೀಟು ಎರಡು ಕಾಲುಗಳ ನಡುವೆ ಹುಟ್ಟಿ ಅಲ್ಲೇ ಸಾಯುತ್ತದೆ, ಆಚೆ ಇಣುಕುವುದಿಲ್ಲ. ಇಲ್ಲಿ ಗೀಟು ಎರಡೂ ಕಾಲುಗಳನ್ನು ದಾಟಿ ಹೊರಗೆ ಚಾಚಿತ್ತು. ಕಾಲುಗಳು ಒಂದು ಬಣ್ಣ, ಗೀಟು ಇನ್ನೊಂದು ಬಣ್ಣ. ಸಾಲದ್ದಕ್ಕೆ ಗೀಟು ನಡುವಿನಲ್ಲಿ ಸ್ವಲ್ಪ ಜೋತುಬಿದ್ದಿತ್ತು, ನಡುಗುವ ಕೈ ಎಳೆದ ಹಾಗೆ. ಗೀಟನ್ನು ಮನಸ್ಸಿನಲ್ಲೇ ಅಳಿಸಿ ನೋಡಿದಳು. ಉಳಿದದ್ದು ಬರೀ ಗುಡಾರದ ಆಕಾರ.

ಗುಡಾರ ವಾನೆಕ್‌ರ ಬರೆ.

"ಉಜ್ಜಲಾ?" ಅಂದ ಡ್ಯೂಯಿ.

'ಉಜ್ಜು' ಅನ್ನುವ ಮಾತು ಅವಳ ನಾಲಗೆಯ ತುದಿಗೆ ಬಂದು ಕೂತಿತು. ಒಂದು ಮಾತು, ಒಂದು ಹಾಳೆ ಉಪ್ಪುಕಾಗದ. ಈ ಸೀಮೆಯಲ್ಲಿ ಪತ್ರಿಕೆ ಓದದವರೂ ರಸ್ತೆಯ ಆಚೆಯಿಂದಲೇ ದನದ ಮೇಲಿನ ಬರೆ ಓದುತ್ತಾರೆ. ಕೋವಿಯನ್ನು ಹೀಗೇ ಹಾಲ್‌ನಲ್ಲಿಟ್ಟರೆ ಸಂಜೆಯೊಳಗೆ ಊರೆಲ್ಲ ಹೇಳುತ್ತದೆ: ಗುನ್ವಾಲ್ಡ್ ಆಸೆನ್ ಕಳ್ಳ. ಗುಡಾರಕ್ಕೆ ಗೀಟೆಳೆದು ಎ ಮಾಡಿಕೊಂಡವನು. ಕದ್ದ ಕೋವಿ ಹಿಡಿದು ಅದರ ಒಡೆಯನನ್ನೇ ಕಳ್ಳ ಅಂದವನು. ಮೊಮ್ಮಗಳು ಅದನ್ನು ಸದ್ದು ಮಾಡಿ ನಟಿಸಿ ತೋರಿಸಿದವಳು.

"ನಾಳೆ ಹೇಳ್ತೀನಿ," ಅಂದು ಕೋವಿ ಸುತ್ತಿಕೊಂಡು ಹೊರಟಳು.

ಓರಿನ್‌ಗೆ ಗೊತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ವಾನೆಕ್‌ರಿಗೆ? ಅವರಿಗೂ ಗೊತ್ತಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಹಾಲ್‌ನ ನಡುವೆ ನಿಂತು 'ನಮ್ಮ ಗುರುತು ಎಲ್ಲಿ ಹೋಯಿತು' ಎಂದು ಕೇಳಿದರೆ ಹೊಸ ಪಾಲಿಶ್ಶೇ ಸಾಕ್ಷಿ ಹೇಳುತ್ತದೆ. ಮೊದಲು ಅದನ್ನು ತಿಳಿಯಬೇಕು. ಮರುದಿನ ಬೆಳಗ್ಗೆ ಅವಳ ಪಿಕಪ್ಪು ವಾನೆಕ್‌ರ ಗೇಟು ದಾಟಿದಾಗ ಅವರ ನಾಯಿಗೂ ಬೊಗಳಬೇಕೋ ಬೇಡವೋ ತಿಳಿಯಲಿಲ್ಲ.

ಯೋಸೆಫ್‌ನ ಮಗ ಲುಡ್ವಿಕ್ ಬಾಗಿಲು ತೆರೆದ. ಎಂಬತ್ತು ದಾಟಿದ ಮುದುಕ, ಕಣ್ಣಿಗೆ ಪೊರೆ.

"ಯಾರು ಸತ್ರು?" ಅಂದ.

"ಯಾರೂ ಇಲ್ಲ. ನಿಮ್ಮ ಬೇಲಿ ಬಿದ್ದಿದೆ ಅಂತ ಹೇಳೋಕೆ ಬಂದೆ."

"ಎಲ್ಲಿ?"

ಅದನ್ನು ಅವಳು ಯೋಚಿಸಿರಲಿಲ್ಲ. "ಆ ಕಡೆ," ಅಂದಳು.

"ಆ ಕಡೆ ನಮಗೆ ಬೇಲಿನೇ ಇಲ್ಲ. ಬನ್ನಿ ಒಳಗೆ, ಆಸೆನ್‌ರ ಮಗಳೇ. ಗಾಡೀಲಿ ಕಂಬಳಿ ಹೊದ್ದು ಮಲಗಿರೋರನ್ನೂ ಕರ್ಕೊಂಡು ಬನ್ನಿ."

ಪೊರೆ ಬಂದ ಕಣ್ಣಿಗೆ ಕಂಬಳಿ ಹೇಗೆ ಕಂಡಿತು? ಲಿಯೋಟಾ ಅದನ್ನೂ ಅನುಮಾನದ ಖಾತೆಗೆ ಹಾಕಿಕೊಂಡಳು. ಮುದುಕ ಕಾಫಿ ಬಗ್ಗಿಸಿ, ಗಸಗಸೆ ತುಂಬಿದ ಕೊಲಾಚೆ ರೊಟ್ಟಿ ಮುಂದಿಟ್ಟ. ಗಸಗಸೆ ತಿಂದರೆ ನಿದ್ದೆ ಬರುತ್ತದೆ. ಅವಳು ಕಾಫಿ ಮಾತ್ರ ಕುಡಿದಳು, ಅದನ್ನೂ ಅವನು ಕುಡಿದ ಮೇಲೆ.

"ನಿಮ್ಮಪ್ಪ ಯಾವತ್ತಾದ್ರೂ ಕೋವಿ ವಿಷಯ ಮಾತಾಡಿದ್ರಾ?" ಎಂದು ಬಳಸಿ ಮಾತು ತೆಗೆದಳು.

"ಮಾತಾಡಿದ್ನಾ? ಊಟಕ್ಕೆ ಮುಂಚೆ ಪ್ರಾರ್ಥನೆ, ಊಟ ಆದ್ಮೇಲೆ ಅದೇ ಮಾತು. 'ಗುನ್ವಾಲ್ಡ್ ನನ್ನ ಕೋವಿ ಕದ್ದ, ಗುಡಾರಕ್ಕೆ ಗೀಟೆಳ್ದು ತನ್ನದು ಮಾಡ್ಕೊಂಡ.' ಸಾಯೋ ತನಕ ಹೇಳ್ದ. ತನ್ನಿ ಇಲ್ಲಿ, ಅದನ್ನೇ ತಾನೇ ತಂದಿರೋದು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಲಿಯೋಟಾ ಕೋವಿಯನ್ನು ಮೇಜಿನ ಮೇಲಿಟ್ಟಳು. ಲುಡ್ವಿಕ್ ಬಗ್ಗಿ, ಕಣ್ಣು ಮುಚ್ಚಿ, ಬೆರಳಿನಲ್ಲಿ ಓದತೊಡಗಿದ. "ನಮ್ಮ ಗುಡಾರ!" ಅಂದ. ಮುಖ ಅರಳಿತು. ಬೆರಳು ಗೀಟಿನ ಮೇಲೆ ಸರಿಯಿತು. ಒಂದು ಕಾಲು ದಾಟಿತು, ಹೊರಗೆ ಹೋಯಿತು, ನಿಂತಿತು. ಹಿಂದಕ್ಕೆ ಬಂತು. ಇನ್ನೊಂದು ಕಾಲು ದಾಟಿತು. ನಡುವಿನ ಜೋತುಬಿದ್ದ ಕಡೆ ಎರಡು ಸಲ ಓಡಾಡಿತು. ಅರಳಿದ ಮುಖ ಮಡಿಚಿಕೊಂಡಿತು. ಎದ್ದು ಹಿತ್ತಲ ಕೊಟ್ಟಿಗೆಯ ಕಡೆ ಹೋದ.

ತನ್ನ ಕೋವಿ ತರಲು ಹೋದ ಅಂತ ಲಿಯೋಟಾ ಬಾಗಿಲ ಹತ್ತಿರದ ಕುರ್ಚಿಗೆ ಸರಿದಳು.

ಅವನು ತಂದದ್ದು ಗೇಣುದ್ದದ ಕಬ್ಬಿಣ. ಜೀನು, ಪೆಟ್ಟಿಗೆಗಳಂಥ ಸಣ್ಣ ಸಾಮಾನಿಗೆ ಬರೆ ಹಾಕುವಂಥದ್ದು. ತುದಿಯಲ್ಲಿ ಅಕ್ಷರವಿಲ್ಲ, ಗುರುತಿಲ್ಲ. ಬರೀ ಒಂದು ಗೀಟು, ನಡುವಿನಲ್ಲಿ ಒಂದಿಷ್ಟು ಬಾಗಿತ್ತು. ಅದನ್ನು ಕೋವಿಯ ಗೀಟಿನ ಮೇಲಿಟ್ಟ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು, ಬಾಗಿದ್ದು ಬಾಗಿದ್ದಕ್ಕೆ.

"ಈ ಕಬ್ಬಿಣ ಕಲ್ಲಿನ ಮೇಲೆ ಬೀಳಿಸಿ ಬಗ್ಗಿಸಿದ್ದು ನಾನೇ," ಅಂದ ಲುಡ್ವಿಕ್, ಕೂರುತ್ತ. "ಅದಕ್ಕೆ ಅಪ್ಪನ ಕೈಲಿ ತಿಂದ ಒದೆ ಈಗ್ಲೂ ಚಳಿಗಾಲದಲ್ಲಿ ನೋಯುತ್ತೆ. ಇದು ಕದ್ದ ಗೀಟಲ್ಲ ಮಾರಾಯ್ತಿ. ಕೊಟ್ಟ ಗೀಟು."

"ಅಂದ್ರೆ?"

"ನಿಮ್ಮ ಕಾಲಕ್ಕೆ ಕಾಗದ ಬಂತು, ನೀವು ನೋಡಿರಲ್ಲ. ಆಗೆಲ್ಲ ದನ ಮಾರಿದ್ರೆ ಮಾರಿದೋನೇ ತನ್ನ ಬರೆಗೆ ಅಡ್ಡಗೀಟು ಹಾಕಿ ಕೊಡ್ತಿದ್ದ. ಇನ್ನು ಇದು ನಂದಲ್ಲ ಅಂತ. ಕೊಂಡೋನನ್ನ ನಾಳೆ ಯಾರೂ ಕಳ್ಳ ಅಂತ ನೇಣಿಗೆ ಹಾಕಬಾರ್ದಲ್ಲ? ಗೀಟು ಎರಡೂ ಕಾಲು ದಾಟಿ ಆಚೆ ಹೋಗಬೇಕು, ಅದೇ ಲೆಕ್ಕ. ಕದಿಯೋನು ಹಾಗೆ ಯಾಕೆ ಎಳೀತಾನೆ? ಅವನಿಗೆ ಬೇಕಾಗಿರೋದು ಎ. ಒಳಗೇ ನಿಲ್ಲಿಸ್ತಾನೆ."

ಲಿಯೋಟಾ ಗೀಟನ್ನು ನೋಡಿದಳು, ಮುದುಕನನ್ನು ನೋಡಿದಳು. ಅವನು ಹೇಳಿದ್ದರಲ್ಲಿ ತೂತು ಹುಡುಕಿದಳು. ಸಿಗಲಿಲ್ಲ. ಸಿಗದದ್ದೇ ದೊಡ್ಡ ಅನುಮಾನವಾಯಿತು.

"ಇದನ್ನ ನಂಗೆ ಹೇಳಿ ನಿಮಗೇನು ಸಿಗುತ್ತೆ?"

"ಅದೇ ನಂಗೂ ತಿಳೀತಿಲ್ಲ. ಬಾಯಿ ಮುಚ್ಕೊಂಡಿದ್ರೆ ಕೋವಿ ನಂದಾಗ್ತಿತ್ತು. ಈಗ ನೋಡಿ, ನಮ್ಮಪ್ಪ ಕೈಯಾರೆ ಕೊಟ್ಟು, ಆಮೇಲೆ ಬಾಯಾರೆ ಕದ್ದ ಅಂದ." ಅವನು ಕೊಲಾಚೆಯ ಅಂಚನ್ನು ಮುರಿದು ಮುರಿದು ಪುಡಿ ಮಾಡಿದ. "ನಿಮ್ಮ ಕಥೇನೂ ಕೇಳಿದೀನಿ. ನೀವು ಬಹಳ ಚೆನ್ನಾಗಿ ಮಾಡ್ತೀರಂತೆ. ನಮ್ಮಪ್ಪ ಕೊಟ್ಟ ಕೋವಿ ತೋರ್ಸಿ ನಮ್ಮಪ್ಪನ್ನೇ ಓಡಿಸಿದ್ರಾ ನಿಮ್ಮಜ್ಜ? ಟೋಪಿ ಬೇರೆ ಬೀಳುತ್ತಂತೆ."

ಲಿಯೋಟಾ ಕೋವಿಯ ಮೇಲೆ ಕಂಬಳಿ ಎಳೆದು ಮುಚ್ಚಿದಳು.

"ಉಜ್ಜಿಸಿಬಿಡಿ," ಅಂದ ಲುಡ್ವಿಕ್. "ಡ್ಯೂಯಿ ಚೆನ್ನಾಗಿ ಉಜ್ಜುತ್ತಾನೆ. ನಿಮಗೆ ನಿಮ್ಮ ಹೊಳೆ ಕಥೆ ಉಳಿಯುತ್ತೆ. ನಂಗೆ ನಮ್ಮಪ್ಪ ಉಳೀತಾನೆ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಓರಿನ್ ಉಜ್ಜು ಅನ್ನುತ್ತಾನೆ. ವಾನೆಕ್ ಉಜ್ಜು ಅನ್ನುತ್ತಾನೆ. ಈ ಎರಡು ಮನೆಗಳು ಹವಾಮಾನದ ವಿಷಯದಲ್ಲೂ ಒಂದೇ ಮಾತು ಆಡಿದ್ದಿಲ್ಲ. ಇಬ್ಬರೂ ಒಟ್ಟಿಗೆ ಅಳಿಸಿಹಾಕಬೇಕು ಅನ್ನುವುದರಲ್ಲಿ ಏನೋ ಇದೆ. ಅಳಿಸಿದರೆ ಅಜ್ಜ ಶೂರನಾಗಿಯೂ ಇರುತ್ತಾನೆ, ವಾನೆಕ್‌ರ ಮನೆಯಲ್ಲಿ ಕಳ್ಳನಾಗಿಯೂ ಇರುತ್ತಾನೆ. ಅವನು ಎರಡೂ ಆಗಿರಲಿಲ್ಲ ಅನ್ನುವುದಕ್ಕೆ ಈ ಭೂಮಿಯ ಮೇಲೆ ಇರುವುದು ಆ ಒಂದು ಬಾಗಿದ ಗೀಟು. ಎಲ್ಲರನ್ನೂ ಅನುಮಾನಿಸಿ ಬದುಕಿದ ಅವಳಿಗೆ, ತಾನು ಅನುಮಾನಿಸದೆ ನಂಬಿದ್ದು ಒಂದೇ ಕಥೆಯನ್ನು, ಅದೂ ತಾನೇ ಹೇಳಿದ್ದನ್ನು, ಎಂದು ಹೊಳೆದು ಸಿಟ್ಟು ಬಂತು.

ಓರಿನ್ ದನದ ದೊಡ್ಡಿಯ ಗೇಟಿಗೆ ಕೀಲು ಜೋಡಿಸುತ್ತಿದ್ದ. ಅವಳು ಪೀಠಿಕೆ ಹಾಕಲಿಲ್ಲ.

"ಎಡಗಡೆ ಯಾಕೆ ಉಜ್ಜು ಅಂದೆ?"

ಅವನ ಕೈ ನಿಂತಿತು. "ಡ್ಯೂಯಿ ಬಾಯಿಗೆ ಹೊಗೆಸೊಪ್ಪು ತುಂಬಿದ್ರೂ ಮುಚ್ಚಲ್ವಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

"ಚಡ್ಡಿ ಹಾಕ್ತಿದ್ದಾಗಿಂದ. ಒಂದಿನ ಸೀಮೆಎಣ್ಣೆ ಹಾಕಿ ಒರೆಸ್ದೆ, ಗುಡಾರ ಕಾಣಿಸ್ತು. ಅಪ್ಪನ್ನ ಕೇಳ್ದೆ. ಅಪ್ಪ ಏನೂ ಹೇಳ್ಲಿಲ್ಲ. ಹಂದಿ ಕೊಬ್ಬು ತಂದು ಅದರ ಮೇಲೆ ತಿಕ್ಕಿ, ನಂಗೂ ಎರಡು ತಿಕ್ಕಿ, 'ನಿನ್ನಕ್ಕನಿಗೆ ಹೇಳ್ಬೇಡ' ಅಂದ."

"ಯಾಕೆ ನಂಗೆ ಹೇಳ್ಬಾರ್ದು?"

"ನೀನು ಆಗ್ಲೇ ಕಥೆ ಶುರು ಮಾಡಿದ್ಯಲ್ಲ, ಅಕ್ಕಾ. ಮೇಜಿನ ಮೇಲೆ ನಿಂತು ಕ್ರಿಕ್-ಕ್ರಾಕ್ ಅಂತಿದ್ದೆ. ಎಲ್ರೂ ಬಿದ್ದು ಬಿದ್ದು ನಗ್ತಿದ್ರು. ಹೇಗೆ ಕೆಡಿಸೋದು? ಈಗ ಹಾಲ್‌ನಲ್ಲಿಟ್ರೆ ಎಲ್ರೂ ಓದ್ತಾರೆ ಅಂತ ಭಯ ಆಯ್ತು."

ಲಿಯೋಟಾ ಆ ಮಾತಿನ ಹಿಂದೆ ಇನ್ನೊಂದು ಮಾತಿದೆಯೇ ಎಂದು ಕಾದಳು. ಇರಲಿಲ್ಲ. ತಮ್ಮ ಬರೀ ತಮ್ಮನಾಗಿ ನಿಂತಿದ್ದ. ಇಷ್ಟು ವರ್ಷ ಅಜ್ಜನ ಕಳ್ಳತನವನ್ನು ಒಬ್ಬನೇ ಹೊತ್ತುಕೊಂಡಿದ್ದವನು. ಅದಕ್ಕೇ ಬೈದಳು: "ದಡ್ಡ! ಅಜ್ಜ ಕದ್ದೇ ಇಲ್ಲ ಕಣೋ." ಗೀಟಿನ ವಿಷಯ, ಕಬ್ಬಿಣದ ವಿಷಯ ಎಲ್ಲ ಹೇಳಿದಳು.

ಕೇಳುತ್ತ ಕೇಳುತ್ತ ಓರಿನ್‌ನ ಭುಜಗಳು ಒಂದಿಷ್ಟು ಇಳಿದವು. ಆಮೇಲೆ ಥಟ್ಟನೆ ತಲೆ ಎತ್ತಿ, "ವಾನೆಕ್ ಹೇಳಿದ್ನಾ ಇದನ್ನ? ಅವನಿಗೇನು ಬೇಕಂತೆ?" ಅಂದ.

"ಉಜ್ಜಿಸ್ಬೇಕಂತೆ. ಅದಕ್ಕೇ ನಾನು ಉಜ್ಜಿಸಲ್ಲ. ಮುರಿದ ಸೂಜಿ ಹಾಕ್ಸು, ಲಿವರು ಬಿಗಿ ಮಾಡ್ಸು. ಮರಕ್ಕೆ ಯಾರೂ ಕೈ ಹಚ್ಚೋ ಹಾಗಿಲ್ಲ."

"ಕಥೆ?"

"ಕಥೆ ಹೋಯ್ತು," ಅಂದಳು ಲಿಯೋಟಾ.

ಉಜ್ಜಿಸುವುದಿಲ್ಲ ಎಂದು ಲುಡ್ವಿಕ್‌ಗೆ ಫೋನಿನಲ್ಲೇ ಹೇಳಿದಳು. ಅವನು ಅಂದ: "ಬರೀ ಕೋವಿ ಇಟ್ರೆ ಈಗಿನ ಹುಡುಗ್ರು ಕದ್ದದ್ದು ಅಂತಾನೇ ಓದ್ತಾರೆ. ಕಬ್ಬಿಣನೂ ಪಕ್ಕದಲ್ಲಿರ್ಬೇಕು. ನಾನೇ ತರ್ತೀನಿ. ನಿಮ್ಮ ಕೈಗೆ ಕೊಡಲ್ಲ."

ಹಬ್ಬದ ದಿನ ಹಾಲ್‌ನಲ್ಲಿ ಸೋರೆನ್ಸನ್ನರ ನೇಗಿಲು ಯಾರೂ ನೋಡಲಿಲ್ಲ. ಎಲ್ಲರೂ ಕೋವಿಯ ಮುಂದೆ ತಲೆ ಓರೆ ಮಾಡಿ ನಿಂತರು. ಹಳಬರು ಕಬ್ಬಿಣ ನೋಡಿ 'ಓಹೋ' ಅಂದರು, ಹೊಸಬರಿಗೆ ವಿವರಿಸಿದರು, ವಿವರಿಸಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆಗೆ ಬಂದು ನಿಂತರು: ವಾನೆಕ್ ಆಸೆನ್‌ಗೆ ಕೋವಿ ಕೊಟ್ಟದ್ದು ಯಾಕೆ?

ಮೇಜಿನ ಒಂದು ತುದಿಯಲ್ಲಿ ಓರಿನ್ ಜನ ಕೂಡಿಸಿಕೊಂಡು ಕೈ ಬೀಸುತ್ತಿದ್ದ. ಲಿಯೋಟಾ ಕಿವಿಗೊಟ್ಟಳು. "…ಹಿಮಗಾಳಿ ಅಂದ್ರೆ ಎಂಥಾ ಹಿಮಗಾಳಿ! ಯೋಸೆಫ್ ದಾರಿ ತಪ್ಪಿ ಬಿದ್ದಿದ್ದ. ನಮ್ಮಜ್ಜ ಹೆಗಲ ಮೇಲೆ ಹೊತ್ಕೊಂಡು…"

"ಏಯ್, ಯಾರು ಹೇಳಿದ್ರೋ ಇದನ್ನ ನಿಂಗೆ?" ಎಂದು ಅವಳು ತೋಳು ಹಿಡಿದೆಳೆದಳು.

ಇನ್ನೊಂದು ತುದಿಯಿಂದ ಲುಡ್ವಿಕ್ ಕೋಲೂರಿಕೊಂಡು ಬಂದ. ಅವನ ಮುಖದಲ್ಲಿ ಗಾಬರಿ. "ಹಿಮಗಾಳಿ ಅಂತಿದ್ದಾನಾ ಇವನು? ನಾನು ಆ ಕಡೆ ಪ್ರವಾಹ ಅಂತ ಅರ್ಧ ಹೇಳಿಬಿಟ್ಟೆನಲ್ಲ!"

ಅಷ್ಟರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು, ಪಕ್ಕದ ಊರಿನವಳು, ಲಿಯೋಟಾಳ ಕೈ ಮುಟ್ಟಿದಳು. "ನೀವೇ ಅಲ್ವಾ ಆ ಮನೆಯವ್ರು? ನೀವು ಹೇಳಿ. ಯಾಕೆ ಕೊಟ್ಟಿದ್ದಂತೆ?"

ಲಿಯೋಟಾಳ ನಾಲಗೆಯ ಮೇಲೆ ಅಜ್ಜನ ನಾರ್ವೆ ರಾಗ ಸಿದ್ಧವಾಗಿತ್ತು. ವಾನೆಕ್‌ನ ತೊದಲೂ ಸಿದ್ಧವಾಗಿತ್ತು. ಎರಡನ್ನೂ ನುಂಗಿದಳು.

"ಗೊತ್ತಿಲ್ಲ," ಅಂದಳು.

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಆ ಹೆಂಗಸು ಕನ್ನಡಕ ಮೇಲೆ ಮಾಡಿ, ಕೋವಿಯನ್ನೊಮ್ಮೆ, ಲಿಯೋಟಾಳನ್ನೊಮ್ಮೆ ನೋಡಿದಳು. ಕಣ್ಣುಗಳು ನಿಧಾನವಾಗಿ ಕಿರಿದಾದವು.

"ಏನೋ ಮುಚ್ಚಿಡ್ತಾ ಇದೀರಿ ನೀವು," ಅಂದಳು.